ಅಹ್ಮದ್ ಖಾನ್ ಯಾರ ಕಡೆಯವರು?

ನಮ್ಮ ಸೊಸೈಟಿಯ ಪಾರ್ಕಿನಲ್ಲಿ ಹಿಂದಿಯ ದಪ್ಪಕ್ಷರದ ಬೋರ್ಡೊಂದಿದೆ: ಇಲ್ಲಿ ಚೆಂಡಾಡಬಾರದು. ಸಂಜೆಯಾದರೆ ಅದರ ಕೆಳಗೇ ಬಾರ್ಸಿಲೋನಾದವರು ನಾಲ್ವರು, ರಿಯಲ್ ಮ್ಯಾಡ್ರಿಡ್‌ನವರು ಇಬ್ಬರು, ಮ್ಯಾಂಚೆಸ್ಟರ್ ಯುನೈಟೆಡ್ಡಿನ ಅಳುಬುರುಕನೊಬ್ಬ ಸೇರಿ ಆಡುತ್ತಾರೆ. ಎಲ್ಲರೂ ಐದನೇ ಕ್ಲಾಸಿನ ಆಚೀಚಿನವರು. ಗಾರ್ಡು ಸೀಟಿ ಊದಿದರೆ ಮ್ಯಾಚು ಮುಗಿಯಿತು. ಎಕ್ಸ್‌ಟ್ರಾ ಟೈಮಿನ ಪ್ರಶ್ನೆಯೇ ಇಲ್ಲ.

ನೋಯ್ಡಾದಲ್ಲಿ ಆಡಲು ಜಾಗವಿಲ್ಲವೆಂದು ಯಾರೂ ದೂರಬಾರದು. ಸೆಕ್ಟರ್ 21ಎಯಲ್ಲಿ ಸ್ಟೇಡಿಯಂ ಇದೆ. ಸುತ್ತ ಬಲೆ ಕಟ್ಟಿ, ಪ್ಲಾಸ್ಟಿಕ್ ಹುಲ್ಲು ಹಾಸಿ, ಗಂಟೆಗಿಷ್ಟು ಎಂದು ಬಾಡಿಗೆಗೆ ಕೊಡುವ ಟರ್ಫುಗಳು ಬೇಕಾದಷ್ಟಿವೆ. ನನಗೆ ಸಿಗದೆ ಹೋದದ್ದು ಊರಿನ ಹೆಸರಲ್ಲಿ ಗಂಟಲು ಹರಿದುಕೊಳ್ಳಬಹುದಾದ ಒಂದು ಟೀಮು. ಅದು ಊರಿನ ತಪ್ಪೂ ಅಲ್ಲ ಅನ್ನಿ. 1976ರಲ್ಲಿ, ಎಮರ್ಜೆನ್ಸಿ ಕಾಲದಲ್ಲಿ, ಸರ್ಕಾರಿ ಕಾಯಿದೆಯ ಹೊಟ್ಟೆಯಿಂದ ಹುಟ್ಟಿದ ಊರಿದು. ಬಡಾವಣೆಗಳಿಗೆ ಹೆಸರಿಡುವ ಪುರುಸೊತ್ತೂ ಇಲ್ಲದೆ ನಂಬರು ಕೊಟ್ಟು ಕೈತೊಳೆದುಕೊಂಡಿದ್ದಾರೆ. ಮಲ್ಲೇಶ್ವರಕ್ಕೂ ಬಸವನಗುಡಿಗೂ ಮ್ಯಾಚ್ ಅಂದರೆ ಅದಕ್ಕೊಂದು ಕಳೆ. ಐವತ್ತನೇ ಸೆಕ್ಟರಿಗೂ ಅರವತ್ತೆರಡನೇ ಸೆಕ್ಟರಿಗೂ ಮ್ಯಾಚ್ ಅಂದರೆ ಅದು ಮಗ್ಗಿ.

ಪಾರ್ಕಿನ ಈ ಅಂತರರಾಷ್ಟ್ರೀಯ ಪಂದ್ಯಕ್ಕೆ ಕಾಯಂ ಪ್ರೇಕ್ಷಕರು ಇಬ್ಬರು. ಒಬ್ಬ ನಾನು. ಇನ್ನೊಬ್ಬರು ನಮ್ಮ ಟವರಿನ ಏಳನೇ ಮಹಡಿಯ ಬಂಗಾಳಿ ದಾದಾ. ಅಕ್ಟೋಬರ್ ಅರ್ಧ ಕಳೆಯುವ ಮೊದಲೇ ಮಂಕಿ ಟೋಪಿ ಏರಿಸಿ, ಹೋಳಿ ಮುಗಿದ ಮೇಲೆ ಇಳಿಸುವ ಜಾತಿಯವರು. ಹಿರಿಯರು ಢಾಕಾ ಕಡೆಯವರು, ಆದ್ದರಿಂದ ಈಸ್ಟ್ ಬೆಂಗಾಲ್ ಕ್ಲಬ್ಬು ಮನೆದೇವರು. ಪರಿಚಯದ ದಿನ ನಾನು ಬೆಂಗಳೂರಿನವನು ಅಂದೆ. ಬೇರೆ ಯಾರಾದರೂ ಆಗಿದ್ದರೆ ದೋಸೆಯನ್ನೋ ಟ್ರಾಫಿಕ್ಕನ್ನೋ ನೆನೆಯುತ್ತಿದ್ದರು. ದಾದಾ ಟೋಪಿ ಮೇಲೆತ್ತಿ, ‘ಹೋ! ನಮ್ಮ ಅಹ್ಮದ್ ಖಾನ್ ಊರು!’ ಅಂದರು.

ನಮ್ಮ ಅಹ್ಮದ್ ಖಾನ್ ಅಂತೆ! ಜಗಳ ಅವತ್ತು ಹತ್ತಿಕೊಂಡದ್ದು, ಇನ್ನೂ ಆರಿಲ್ಲ.

ಅಹ್ಮದ್ ಖಾನ್ ನಮ್ಮವರೇ. ಬೆಂಗಳೂರು ಕಂಟೋನ್ಮೆಂಟಿನ ಕಡೆ ಚೆಂಡು ಒದ್ದು ಬೆಳೆದವರು. ‘ಬ್ಯಾಂಗಲೋರ್ ಮುಸ್ಲಿಮ್ಸ್’ ಕ್ಲಬ್ಬಿಗೆ ಆಡಿದವರು. ಆ ಕ್ಲಬ್ಬಿನ ವಿಷಯ ಇವತ್ತು ಬೆಂಗಳೂರಿನವರಿಗೇ ಹೇಳಿ ನಂಬಿಸಬೇಕು. ಬೊಂಬಾಯಿಯ ರೋವರ್ಸ್ ಕಪ್ಪು ಗೋರಾ ಪಲ್ಟನ್‌ಗಳ ಪಿತ್ರಾರ್ಜಿತ ಆಸ್ತಿಯಾಗಿದ್ದ ಕಾಲದಲ್ಲಿ, 1937ರಲ್ಲಿ, ಅದನ್ನು ಮೊದಲ ಬಾರಿಗೆ ಗೆದ್ದ ಭಾರತೀಯ ತಂಡ ಅದು. ಫೈನಲ್‌ನಲ್ಲಿ ಸೋತದ್ದು ಯಾರು? ಕಲ್ಕತ್ತಾದ ಮೊಹಮ್ಮಡನ್ ಸ್ಪೋರ್ಟಿಂಗ್. ಗಾಳಿಯಲ್ಲಿ ಗೆದ್ದದ್ದು ಅನ್ನುವವರ ಬಾಯಿ ಮುಚ್ಚಿಸಲು 1938ರಲ್ಲಿ ಇನ್ನೊಮ್ಮೆ ಗೆದ್ದರು, ಸ್ವಾತಂತ್ರ್ಯ ಬಂದ ಮೇಲೆ 1948ರಲ್ಲಿ ಮತ್ತೊಮ್ಮೆ. ಅದೇ 1948ರ ಲಂಡನ್ ಒಲಿಂಪಿಕ್ಸಿನಲ್ಲಿ ನಮ್ಮವರು ಬಹುಪಾಲು ಬರಿಗಾಲಲ್ಲೇ ಫ್ರಾನ್ಸಿನೆದುರು ಆಡಿ, ಎರಡು ಪೆನಾಲ್ಟಿ ಕಳೆದುಕೊಂಡು, 2-1ರಿಂದ ಸೋತರಲ್ಲ, ಆ ಒಂದು ಗೋಲು ಹೊಡೆದವರೂ ಮೈಸೂರು ತಂಡದ ಸಾರಂಗಪಾಣಿ ರಾಮನ್. ತಂಡದಲ್ಲಿ ಅಹ್ಮದ್ ಖಾನರೂ ಇದ್ದರು.

‘ಇದ್ದರು. ಆಮೇಲೆ?’ ಎನ್ನುತ್ತಾರೆ ದಾದಾ. ಆಮೇಲಿನದು ಅವರ ಕಡೆಯ ಸಾಕ್ಷಿ. 1949ರಲ್ಲಿ ಅಹ್ಮದ್ ಖಾನ್ ಕಲ್ಕತ್ತಾ ರೈಲು ಹತ್ತಿ ಈಸ್ಟ್ ಬೆಂಗಾಲ್ ಸೇರಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ: ಐವರೂ ದಕ್ಷಿಣದಿಂದ ಹೋದವರು, ಐವರಿಗೂ ಸೇರಿ ಬಂಗಾಳಿಗಳು ಇಟ್ಟ ಹೆಸರು ಪಂಚ ಪಾಂಡವರು. 1949, 50, 51 ಸಾಲಾಗಿ ಮೂರು ವರ್ಷ ಐಎಫ್‌ಎ ಶೀಲ್ಡು. ಅಹ್ಮದ್ ಖಾನ್ ಕಾಲಲ್ಲಿ ಚೆಂಡು ಕುಣಿಸುವುದನ್ನು ನೋಡಿ ಅವರನ್ನು ಹಾವಾಡಿಗ ಅಂತ ಕರೆದರಂತೆ. ಆ ವರಸೆ ಹೇಗಿತ್ತೆಂದು ದಾದಾ ಒಮ್ಮೆ ನನಗೆ ಪ್ರಾತ್ಯಕ್ಷಿಕೆ ಕೊಟ್ಟರು. ಖಾಲಿ ನೀರಿನ ಬಾಟಲಿಯೊಂದನ್ನು ಬಲಗಾಲಿನಿಂದ ಎಡಕ್ಕೆ ಎಳೆದು, ನನ್ನನ್ನು ಆ ಕಡೆ ವಾಲಿಸಿ, ತಾವು ಈ ಕಡೆ ತಿರುಗಿದರು. ಬಾಟಲಿ ಇದ್ದಲ್ಲೇ ಇತ್ತು. ಎಡಗಾಲಿನ ಚಪ್ಪಲಿ ಹಾರಿ, ನಡಿಗೆಗೆ ಬಂದಿದ್ದ ಕಪೂರ್ ಆಂಟಿಯೊಬ್ಬರ ಮುಂದೆ ಬಿತ್ತು. ‘ಅವನು ಬರಿಗಾಲಲ್ಲಿ ಆಡುತ್ತಿದ್ದದ್ದು ಇದಕ್ಕೇ’ ಎಂದು ದಾದಾ ಕುಂಟುತ್ತಾ ಹೋಗಿ ಚಪ್ಪಲಿ ತಂದರು.

ದಾವೆಯ ಮೂರನೇ ದಸ್ತಾವೇಜು ಹೆಲ್ಸಿಂಕಿಯದು. 1952ರ ಒಲಿಂಪಿಕ್ಸು. ಭಾರತಕ್ಕೆ ಎದುರಾದದ್ದು ಯುಗೊಸ್ಲಾವಿಯಾ. ಚಳಿಯ ಊರು, ನಮ್ಮಲ್ಲಿ ಕೆಲವರು ಬರಿಗಾಲು. ಹತ್ತು ಗೋಲು ತಿಂದೆವು. ಆಟ ಮುಗಿಯಲು ಇನ್ನೇನು ನಿಮಿಷವಿದೆ ಅನ್ನುವಾಗ ಭಾರತ ಒಂದು ಗೋಲು ಹೊಡೆಯಿತು. ಹೊಡೆದವರು ಅಹ್ಮದ್ ಖಾನ್. ಬೂಟು ಹಾಕಿಕೊಂಡೇ ಆಡಬೇಕೆಂದು ನಮ್ಮ ಫೆಡರೇಷನ್ ಕಟ್ಟುನಿಟ್ಟು ಮಾಡಿದ್ದು ಅದಾದ ಮೇಲೆ. ಈಗ ಲೆಕ್ಕ ಕೇಳಿ. ನಮ್ಮನ್ನು 10-1ರಿಂದ ಸೋಲಿಸಿದ ಯುಗೊಸ್ಲಾವಿಯಾ ಫೈನಲ್‌ಗೆ ಹೋಯಿತು. ಅಲ್ಲಿ ಪುಷ್ಕಾಶನ ಹಂಗೇರಿ ಅದನ್ನು 2-0ಯಿಂದ ಸೋಲಿಸಿ ಚಿನ್ನ ಗೆದ್ದಿತು. ಅಂದರೆ ಹಂಗೇರಿಯಂಥ ಹಂಗೇರಿ ಆ ತಂಡಕ್ಕೆ ಎರಡು ಗೋಲು ಹೊಡೆದರೆ, ನಮ್ಮ ಕಂಟೋನ್ಮೆಂಟಿನ ಹುಡುಗ ಒಬ್ಬನೇ ಒಂದು ಹೊಡೆದಿದ್ದಾನೆ. ಕೇವಲ ಒಂದು ಕಡಿಮೆ! ಈ ವಾದದ ಮಟ್ಟಿಗೆ ನಾನೂ ದಾದಾನೂ ಒಂದೇ ಪಕ್ಷ. ನಮ್ಮ ಮನೆಯವಳು ಟೀ ಕಪ್ಪಿಡುತ್ತಾ, ‘ಹತ್ತು ಒಂದಕ್ಕೆ ಸೋತದ್ದನ್ನ ಇಷ್ಟು ಖುಷಿಯಾಗಿ ಹೇಳೋರನ್ನ ನಾನು ಎಲ್ಲೂ ಕಂಡಿಲ್ಲಪ್ಪ’ ಅಂದಳು. 1960ರ ರೋಮ್ ಒಲಿಂಪಿಕ್ಸಿನಲ್ಲಿ ಇದೇ ಹಂಗೇರಿಗೆ ನಾವು ಸೋತದ್ದು 2-1ರಿಂದ ಮಾತ್ರ, ಬಲರಾಮ್ ಒಂದು ಹೊಡೆದಿದ್ದರು ಎಂದು ಹೇಳಹೊರಟೆ. ಅವಳು ಅಡುಗೆಮನೆ ಸೇರಿಯಾಗಿತ್ತು.

ಹಂಗೇರಿ ಬಂದದ್ದರಿಂದ ಜಗಳಕ್ಕೆ ಹೊಸ ಕಾವು ಬಂತು. ಮ್ಯಾಡ್ರಿಡ್ ಅಂಗಿಯ ಹುಡುಗನನ್ನು ಕರೆದು ಪುಷ್ಕಾಶ್ ಯಾರು ಗೊತ್ತೇನೋ ಅಂದೆ. ‘ವರ್ಷದ ಬೆಸ್ಟ್ ಗೋಲಿಗೆ ಕೊಡುವ ಪ್ರೈಜ್, ಅಂಕಲ್’ ಅಂದ. ತಪ್ಪಿಲ್ಲ; ಫಿಫಾ 2009ರಿಂದ ಕೊಡುತ್ತಿದೆ. ಅದು ಮನುಷ್ಯನ ಹೆಸರು, ನೀನು ಹಾಕಿಕೊಂಡಿರುವ ಅಂಗಿಯನ್ನೇ ಅವನೂ ಹಾಕಿಕೊಂಡು ಆಡಿದ್ದ ಅಂದದ್ದಕ್ಕೆ ಅಂಗಿಯನ್ನೊಮ್ಮೆ ಬಗ್ಗಿ ನೋಡಿಕೊಂಡ.

ಆ ಪುಷ್ಕಾಶನ ಊರು ಕಿಶ್‌ಪೆಷ್ಟ್. ಈಗ ಬುಡಾಪೆಸ್ಟಿನ ಒಂದು ಭಾಗ; 1950ರವರೆಗೆ ಬೇರೆಯೇ ಪಟ್ಟಣ. ದೆಹಲಿಗೆ ನೋಯ್ಡಾ ಇದ್ದ ಹಾಗೆ ಎನ್ನಬಹುದಿತ್ತು, ಆದರೆ ಅವರಲ್ಲಿ 1909ರಿಂದಲೇ ಫುಟ್‌ಬಾಲ್ ಕ್ಲಬ್ಬಿತ್ತು. ಪುಷ್ಕಾಶನ ಅಪ್ಪ ಅಲ್ಲೇ ಕೋಚು. ಪಕ್ಕದ ಮನೆಯ ಹುಡುಗ ಬೊಝಿಕ್. ಇಬ್ಬರೂ ಬೀದಿಯಲ್ಲಿ ಆಡಿ, ಅದೇ ಕ್ಲಬ್ಬಿಗೆ ಸೇರಿ, ಅಲ್ಲೇ ದೊಡ್ಡವರಾದರು. 1949ರಲ್ಲಿ ರಕ್ಷಣಾ ಇಲಾಖೆ ಕ್ಲಬ್ಬನ್ನು ವಶಕ್ಕೆ ತೆಗೆದುಕೊಂಡು, ಹೊನ್ವೇದ್ ಎಂದು ಸೇನೆಯ ಹೆಸರಿಟ್ಟಿತು. ಆಮೇಲೆ ಏನು ಮಾಡಿದರೆಂದರೆ, ದೇಶದ ಯಾವ ಕ್ಲಬ್ಬಿನಲ್ಲಿ ಒಳ್ಳೆಯ ಆಟಗಾರನಿದ್ದರೂ ಅವನನ್ನು ಸೈನ್ಯಕ್ಕೆ ‘ಭರ್ತಿ’ ಮಾಡಿಕೊಂಡು ಇಲ್ಲಿಗೆ ಕರೆತರುವುದು. ಕೋಚಿಶ್ ಬಂದ, ಗೋಲ್‌ಕೀಪರ್ ಗ್ರೋಶಿಚ್ ಬಂದ, ಆಮೇಲೆ ತ್ಸಿಬೋರ್. ಪುಷ್ಕಾಶನಿಗೆ ಮೇಜರ್ ಪದವಿ. ಯುದ್ಧ ಮಾಡಿದ್ದೆಲ್ಲ ಪೆನಾಲ್ಟಿ ಬಾಕ್ಸಿನೊಳಗೆ. 1953ರ ನವೆಂಬರಿನಲ್ಲಿ ವೆಂಬ್ಲಿಗೆ ಹೋಗಿ ಇಂಗ್ಲೆಂಡಿಗೆ 6-3ರ ಪಾಠ ಹೇಳಿದ ಹಂಗೇರಿ ತಂಡದ ಬೆನ್ನುಮೂಳೆ ಈ ಒಂದು ಕ್ಲಬ್ಬು.

1956ರಲ್ಲಿ ಬುಡಾಪೆಸ್ಟಿನಲ್ಲಿ ದಂಗೆಯೆದ್ದು, ಸೋವಿಯತ್ ಟ್ಯಾಂಕುಗಳು ನುಗ್ಗಿದಾಗ ಹೊನ್ವೇದ್ ತಂಡ ಯುರೋಪಿಯನ್ ಕಪ್ಪಿಗಾಗಿ ದೇಶದ ಹೊರಗಿತ್ತು. ಬಿಲ್ಬಾವ್‌ನಲ್ಲಿ 3-2ರ ಸೋಲು. ಮರುಪಂದ್ಯ ತವರಿನಲ್ಲಿ ಆಗುವಂತಿಲ್ಲ. ಬ್ರಸೆಲ್ಸಿನಲ್ಲಿ ಆಡಿ, 3-3 ಮಾಡಿ, ಕಪ್ಪಿನಿಂದ ಹೊರಬಿದ್ದರು. ವಾಪಸು ಹೋಗುವ ಬದಲು ತಂಡ ಊರೂರು ಸುತ್ತುತ್ತಾ ಬ್ರೆಜಿಲ್‌ವರೆಗೂ ಹೋಯಿತು. ಕೊನೆಗೆ ಮನೆಗೆ ಹೋಗುವವರು ಹೋದರು, ಬಿಟ್ಟವರು ಬಿಟ್ಟರು. ಪುಷ್ಕಾಶ್ ನಿಷೇಧ ಅನುಭವಿಸಿ, ಹೊಟ್ಟೆ ಬೆಳೆಸಿಕೊಂಡು, ಮೂವತ್ತು ದಾಟಿದ ಮೇಲೆ 1958ರಲ್ಲಿ ರಿಯಲ್ ಮ್ಯಾಡ್ರಿಡ್ ಸೇರಿದ. 1960ರ ಯುರೋಪಿಯನ್ ಕಪ್ ಫೈನಲ್‌ನಲ್ಲಿ ಅವನೊಬ್ಬನದೇ ನಾಲ್ಕು ಗೋಲು. ಕೋಚಿಶ್, ತ್ಸಿಬೋರ್ ಬಾರ್ಸಿಲೋನಾಕ್ಕೆ. ಆ ಇಬ್ಬರ ಹಣೆಬರಹ ನೋಡಿ: 1954ರ ವಿಶ್ವಕಪ್ ಫೈನಲ್‌ನಲ್ಲಿ ಬರ್ನ್ ನಗರದ ಮೈದಾನದಲ್ಲಿ ಜರ್ಮನಿಗೆ 3-2ರಿಂದ ಸೋತಿದ್ದರು. 1961ರಲ್ಲಿ ಬಾರ್ಸಿಲೋನಾಕ್ಕಾಗಿ ಯುರೋಪಿಯನ್ ಕಪ್ ಫೈನಲ್ ಆಡಲು ಮತ್ತೆ ಅದೇ ಬರ್ನ್, ಅದೇ ಮೈದಾನ. ಇಬ್ಬರೂ ಒಂದೊಂದು ಗೋಲು ಹೊಡೆದರು. 3-2ರಿಂದ ಸೋತರು. ಶನಿ ಕಾಟಕ್ಕೆ ಪಾಸ್‌ಪೋರ್ಟ್ ಬೇಡ.

ಬೊಝಿಕ್ ಮಾತ್ರ ಮನೆಗೆ ಹೋದ. ಅದೇ ಕ್ಲಬ್ಬಿನಲ್ಲೇ ಆಟ ಮುಗಿಸಿದ. ಸೇನೆ ಕಟ್ಟಿದ ತಂಡ ಚದುರಿ ಹೋಗಿತ್ತು; 1980ರಿಂದ ಮುಂದೆ ಮತ್ತೊಮ್ಮೆ ಒಳ್ಳೆಯ ಕಾಲ ಬಂದು ಹೋಯಿತು. ಕಮ್ಯುನಿಸ್ಟ್ ಆಡಳಿತ ಬಿದ್ದ ಮೇಲೆ ಸೇನೆಯ ಅನ್ನದ ಋಣವೂ ತೀರಿತು. 2003ರಲ್ಲಿ ಎರಡನೇ ದರ್ಜೆಗೆ ಬಿದ್ದು, ಎದ್ದು, 2017ರಲ್ಲಿ ಹದಿನಾಲ್ಕನೇ ಲೀಗ್ ಪಟ್ಟ ಗೆದ್ದು, 2023ರಲ್ಲಿ ಮತ್ತೆ ಬಿತ್ತು. ಪುಷ್ಕಾಶ್ 1981ರಲ್ಲಿ ಊರಿಗೆ ಮರಳಿ ಬಂದಾಗ ದೇಶ ಅವನನ್ನು ಕ್ಷಮಿಸಿ ಅಪ್ಪಿಕೊಂಡಿತು. ಈಗ ರಾಷ್ಟ್ರೀಯ ಕ್ರೀಡಾಂಗಣಕ್ಕೆ ಅವನ ಹೆಸರು, ಬುಡಾಪೆಸ್ಟಿನ ಮೆಟ್ರೋ ನಿಲ್ದಾಣಕ್ಕೂ ಅವನ ಹೆಸರು. ಆದರೆ ಕಿಶ್‌ಪೆಷ್ಟಿನ ಮೈದಾನಕ್ಕೆ ಅವರಿಟ್ಟದ್ದು ಬೊಝಿಕ್ ಹೆಸರು. ಹಳೆಯದನ್ನು ಕೆಡವಿ 2021ರಲ್ಲಿ ಹೊಸದು ಕಟ್ಟಿದಾಗಲೂ ಬದಲಿಸಲಿಲ್ಲ.

ಇದನ್ನು ಹೇಳಿ ದಾದಾನ ಮುಖ ನೋಡಿದೆ. ‘ಹಾಗಾದರೆ ನಿಮ್ಮಲ್ಲಿ ಅಹ್ಮದ್ ಖಾನ್ ಹೆಸರಿನ ಮೆಟ್ರೋ ಸ್ಟೇಷನ್ ಯಾವುದು?’ ಅಂದರು. ಇಲ್ಲ. ಹಲಸೂರಿನ ಗೌತಮಪುರದಲ್ಲಿ ಫುಟ್‌ಬಾಲ್ ಆಟಗಾರನ ವಿಗ್ರಹವಿದೆ. ಬುದ್ಧ, ಅಂಬೇಡ್ಕರ್, ಮದರ್ ತೆರೇಸಾರ ಜೊತೆ ನಿಂತಿರುವ ಆ ಆಟಗಾರ ಪೆಲೆ. ಆಟಗಾರರನ್ನು ಹಡೆಯುವ ಗಲ್ಲಿಗಳೇನೋ ನಮ್ಮಲ್ಲಿ ಇವೆ, ಆಸ್ಟಿನ್ ಟೌನ್ ಇರಬಹುದು, ಗೌತಮಪುರವೇ ಇರಬಹುದು. ಹೆಸರು ಬರಬೇಕಾದರೆ ಮಾತ್ರ ಕಲ್ಕತ್ತಾಕ್ಕೆ ಹೋಗಬೇಕಿತ್ತು. ನಮ್ಮ ಕಾರ್ಲ್‌ಟನ್ ಚಾಪ್‌ಮನ್ 1993ರಲ್ಲಿ ಇರಾಕಿನ ಅಲ್ ಜವ್ರಾ ತಂಡದ ಮೇಲೆ ಹ್ಯಾಟ್ರಿಕ್ ಹೊಡೆದದ್ದು ಈಸ್ಟ್ ಬೆಂಗಾಲಿನ ಕೆಂಪು-ಹಳದಿ ಅಂಗಿಯಲ್ಲೇ. 2020ರ ಅಕ್ಟೋಬರಿನಲ್ಲಿ ಆತ ಬೆಂಗಳೂರಿನಲ್ಲಿ ತೀರಿಕೊಂಡಾಗ ಇನ್ನೂ ಐವತ್ತು ತುಂಬಿರಲಿಲ್ಲ. ಸುದ್ದಿ ನನಗೆ ಮೊದಲು ಹೇಳಿದ್ದು ದಾದಾ, ಇಂಟರ್‌ಕಾಮಿನಲ್ಲಿ. ‘ನಮ್ಮ ಹುಡುಗ ಹೋದ’ ಅಂದರು. ಅವತ್ತು ನಾನು ತಕರಾರು ಎತ್ತಲಿಲ್ಲ.

ಹೊನ್ವೇದ್ ಕಥೆ ನನಗೆ ಇಷ್ಟು ಹತ್ತಿರವಾಗಲು ಬೇರೆ ಕಾರಣವೂ ಇದೆ. ಸರ್ಕಾರದ ಸಂಬಳ ಪಟ್ಟಿಯಲ್ಲಿ ಹೆಸರಿಟ್ಟುಕೊಂಡು ಚೆಂಡಾಡುವವರ ನಡುವೆಯೇ ನಾನು ಬೆಳೆದದ್ದು. ಅಪ್ಪ ಇದ್ದದ್ದು ಐಟಿಐನಲ್ಲಿ, ಅಂದರೆ ದೂರವಾಣಿನಗರದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್. 1948ರ ಕಾರ್ಖಾನೆ, ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ಯಮ. ಅದಕ್ಕೊಂದು ಫುಟ್‌ಬಾಲ್ ಟೀಮಿತ್ತು. ಹಾಗೆಯೇ ಎಚ್‌ಎಎಲ್‌ಗೆ, ಬೆಮೆಲ್‌ಗೆ, ಸೈನ್ಯದ ಎಂಇಜಿಗೆ. ಪ್ರಪಂಚದ ಬೇರೆ ಕಡೆ ಹುಲಿ ಸಿಂಹಗಳ ಹೆಸರಿಟ್ಟುಕೊಂಡು ಕಾದಾಡುತ್ತಿದ್ದಾಗ ನಮ್ಮ ಬೆಂಗಳೂರು ಲೀಗಿನಲ್ಲಿ ಟೆಲಿಫೋನಿಗೂ ವಿಮಾನಕ್ಕೂ ಕುಸ್ತಿ. ಮೆಗ್ರಾತ್ ರಸ್ತೆಯ ಹತ್ತಿರದ ಫುಟ್‌ಬಾಲ್ ಸ್ಟೇಡಿಯಂಗೆ ಅಪ್ಪ ಕರೆದೊಯ್ಯುತ್ತಿದ್ದರು. ಕೈಗೊಂದು ಕಡಲೆಕಾಯಿ ಪೊಟ್ಟಣ. ಅದು ಹಾಫ್‌ಟೈಮ್‌ವರೆಗೆ ಬರಬೇಕೆಂದು ಆಜ್ಞೆ. ಸುತ್ತಲಿನವರೆಲ್ಲ ಅಪ್ಪನ ಶಾಪಿನವರೇ ಆದ್ದರಿಂದ ಆಟಗಾರರನ್ನು ಹೆಸರು ಹಿಡಿದು ಕೂಗುತ್ತಿರಲಿಲ್ಲ. ‘ಏ ರಿಲೇ ಸೆಕ್ಷನ್, ಬಾಲ್ ಬಿಡಯ್ಯಾ!’ ‘ಸ್ಟೋರ್ಸೂ, ಇಂಡೆಂಟ್ ಬೇಕೇನಪ್ಪಾ ಓಡೋಕೆ?’ ಕ್ರಾಸ್‌ಬಾರ್ ಎಕ್ಸ್‌ಚೇಂಜ್ ವಿಭಾಗದವನೊಬ್ಬ ತೆರೆದ ಗೋಲಿನೆದುರು ಚೆಂಡನ್ನು ಕ್ರಾಸ್‌ಬಾರಿಗೇ ಹೊಡೆದ ದಿನ ಗ್ಯಾಲರಿಯಲ್ಲಿ ಎದ್ದ ನಗು ಮುಂದೆ ಕ್ಯಾಂಟೀನಿನಲ್ಲಿ ವಾರವಿಡೀ ನಡೆಯಿತು. ಗೋಲು ಹೊಡೆದವನನ್ನು ಸೋಮವಾರ ಅಪ್ಪ ಟೈಂ ಆಫೀಸಿನ ಕ್ಯೂನಲ್ಲಿ ಕಾಣುತ್ತಿದ್ದರು. ಭಾನುವಾರದ ದೇವರು ಟಿಫಿನ್ ಕ್ಯಾರಿಯರ್ ಹಿಡಿದು ನಿಂತಿರುತ್ತಿದ್ದ. ಅವನಿಗಿದ್ದ ಚಿಂತೆಯೂ ಅಪ್ಪನದೇ: ಇನ್‌ಕ್ರಿಮೆಂಟು, ಪ್ರಮೋಷನ್ನು, ಕ್ವಾರ್ಟರ್ಸಿನ ಸೋರುವ ಸೂರು.

ಐಟಿಐ ರಾಷ್ಟ್ರೀಯ ಲೀಗಿನವರೆಗೂ ಹೋಗಿ ಆಡಿತು. ಎಚ್‌ಎಎಲ್ ಐ-ಲೀಗಿಗೆ ಏರಿ, 2012ರಲ್ಲಿ ಇಳಿಯಿತು. ಅಷ್ಟರಲ್ಲಿ ಮನೆಮನೆಯ ಕಪ್ಪು ಫೋನು ಮೂಲೆ ಸೇರಿ, ಜೇಬಿನ ಫೋನು ಬಂದು, ಕಾರ್ಖಾನೆಯ ಗೇಟಿನಲ್ಲಿ ಶಿಫ್ಟು ಬಿಡುವ ಹೊತ್ತಿನ ಸೈಕಲ್ ದಟ್ಟಣೆಯೂ ಕರಗಿತ್ತು. ಖಾಸಗಿಯವರದೂ ಅದೇ ಕಥೆ. ಮಹೀಂದ್ರ 2010ರಲ್ಲಿ ಟೀಮು ಮುಚ್ಚಿತು, ಪಂಜಾಬಿನ ಜೆಸಿಟಿ 2011ರಲ್ಲಿ. ಹಾಳೆಯ ಮೇಲೆ ಫುಟ್‌ಬಾಲ್ ಯಾವಾಗಲೂ ಖರ್ಚಿನ ಕಲಮಿನಲ್ಲೇ ಇರುತ್ತದೆ. ಗ್ಯಾಲರಿಯ ಕೂಗನ್ನು ಜಮಾ ಕಡೆ ಬರೆಯುವ ಪದ್ಧತಿ ಯಾವ ಅಕೌಂಟ್ಸ್ ಸೆಕ್ಷನ್ನಿಗೂ ಬಂದಿಲ್ಲ.

ದಾದಾನ ಎದುರು ಇಷ್ಟು ಸಪ್ಪೆಯಾಗಿ ಕೂತರೆ ಆಗುತ್ತದೆಯೇ? ನನ್ನ ಬತ್ತಳಿಕೆಯಲ್ಲಿ ಸಂತೋಷ್ ಟ್ರೋಫಿ ಇದೆ. ಹಳೆಯ ಮೈಸೂರು ರಾಜ್ಯ ಅದನ್ನು ನಾಲ್ಕು ಸಲ ಗೆದ್ದಿತ್ತು: 1946-47, 1952-53, 1967-68, 1968-69. ನಾಲ್ಕು ಫೈನಲ್‌ಗಳಲ್ಲೂ ಸೋತ ತಂಡ ಬಂಗಾಳ. ನಾಲ್ಕಕ್ಕೆ ನಾಲ್ಕು! ಇದನ್ನು ಈಚೆಗೆ ಇನ್ನೊಮ್ಮೆ ಹೇಳಿದ ದಿನ ದಾದಾ ಒಂದು ಸುತ್ತು ವಾಕಿಂಗ್ ಹೋಗಿ ಬಂದು, ‘ಬಂಗಾಳ ಒಟ್ಟು ಗೆದ್ದಿರೋದು ಮೂವತ್ತಮೂರು’ ಅಂದರು. ನಮ್ಮ ಐದನೆಯದಕ್ಕೆ ಐವತ್ತನಾಲ್ಕು ವರ್ಷ ಹಿಡಿಯಿತು. 2023ರ ಮಾರ್ಚಿನಲ್ಲಿ, ಅದೂ ಸೌದಿ ಅರೇಬಿಯಾದ ರಿಯಾದಿನಲ್ಲಿ, ಮೇಘಾಲಯವನ್ನು 3-2ರಿಂದ ಸೋಲಿಸಿ ಗೆದ್ದರು. ನಾನು ಸೊಸೈಟಿಯ ಸೆಕ್ಯುರಿಟಿಯವರಿಗೆಲ್ಲ ಲಡ್ಡು ಹಂಚಿದೆ. ಮಗಳಿಗೆ ಮದುವೆ ನಿಶ್ಚಯವಾಯಿತೆಂದು ತಿಳಿದು ಅವರು ಆಶೀರ್ವಾದ ಮಾಡಿದರು. ದಾದಾ ಲಡ್ಡು ತಿಂದು, ‘ಫೈನಲ್‌ನಲ್ಲಿ ನಾವಿರಲಿಲ್ಲವಲ್ಲ, ಇದನ್ನು ಹೇಗೆ ಲೆಕ್ಕಕ್ಕೆ ಹಿಡೀತೀರಿ?’ ಅಂದರು.

ಬೆಂಗಳೂರಿಗೆ ಈಗ ಕಾರ್ಖಾನೆಯದಲ್ಲದ, ಊರಿನದೇ ಹೆಸರಿನ ಕ್ಲಬ್ಬಿದೆ. ಬೆಂಗಳೂರು ಎಫ್‌ಸಿ 2013ರಲ್ಲಿ ಹುಟ್ಟಿ, ಆಡಿದ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್‌ವರೆಗೆ ಹೋಗಿ ದೋಹಾದಲ್ಲಿ ಇರಾಕಿನ ವಾಯುಪಡೆಯ ಕ್ಲಬ್ಬಿಗೆ 1-0ಯಿಂದ ಸೋತಿತು. ಅಲ್ಲೂ ನೋಡಿ, ಸರ್ಕಾರಿ ಸಂಬಳದವರೇ ಎದುರಾದದ್ದು. ಟಿವಿಯಲ್ಲಿ ಕಂಠೀರವದ ನೀಲಿ ಗ್ಯಾಲರಿ ಕಂಡರೆ ಮೈ ಜುಂ ಅನ್ನುತ್ತದೆ, ಸುಳ್ಳೇಕೆ. ಆದರೂ ಬಲಗಡೆ ಓಡುವವನನ್ನು ಯಾವ ಸೆಕ್ಷನ್ ಅಂತ ಕೂಗಬೇಕೋ ತಿಳಿಯುವುದಿಲ್ಲ. ಆ ಕ್ಲಬ್ಬಿನ ಮುಖವೇ ಆಗಿಹೋದ ಸುನಿಲ್ ಛೇತ್ರಿ ಹುಟ್ಟಿದ್ದು ಸಿಕಂದರಾಬಾದಿನಲ್ಲಿ, ಚೆಂಡಾಟ ಶುರು ಮಾಡಿದ್ದು ದೆಹಲಿಯ ಸಿಟಿ ಕ್ಲಬ್ಬಿನಲ್ಲಿ. ಅಂದಮೇಲೆ ದೆಹಲಿ ನಮಗೊಬ್ಬನನ್ನು ಕೊಟ್ಟಿದೆ, ನಾವು ದೆಹಲಿಗೆ ನನ್ನನ್ನು ಕೊಟ್ಟಿದ್ದೇವೆ ಎಂದು ಲೆಕ್ಕ ಚುಕ್ತಾ ಮಾಡಹೊರಟೆ. ‘ದೆಹಲಿ ಮೋಸ ಹೋಯಿತು’ ಅಂದರು ದಾದಾ. ಛೇತ್ರಿಯನ್ನು ಮೊದಲು ದೊಡ್ಡ ಕ್ಲಬ್ಬಿಗೆ ಕರೆದೊಯ್ದದ್ದು ಕಲ್ಕತ್ತಾದ ಮೋಹನ್ ಬಗಾನ್ ಎಂಬುದನ್ನು ಅವರು ಹೇಳಲಿಲ್ಲ. ಈಸ್ಟ್ ಬೆಂಗಾಲಿನವರ ಬಾಯಲ್ಲಿ ಆ ಹೆಸರು ಸುಲಭಕ್ಕೆ ಬರುವುದಿಲ್ಲ.

ಇತ್ತೀಚೆಗೆ ದಾದಾ ಹೊಸ ರಾಗ ಎತ್ತಿದ್ದಾರೆ. ಇಷ್ಟು ವರ್ಷ ಇಲ್ಲಿನ ಗಾಳಿ ಕುಡಿದದ್ದಾಯಿತು, ಅದೂ ಎಂಥ ಗಾಳಿ. ಇನ್ನಾದರೂ ಈ ಊರ ಟೀಮ್ ಒಂದನ್ನು ನಮ್ಮದು ಅನ್ನಬೇಡವೇ ಎಂದು. ನ್ಯಾಯವೇ. ಆದರೆ ಯಾವುದನ್ನು? ಡೆಲ್ಲಿ ಡೈನಮೋಸ್ ಅಂತ ಒಂದಿತ್ತು. 2014ರಲ್ಲಿ ಇಟಲಿಯ ಡೆಲ್ ಪಿಯೆರೋನನ್ನು ಕರೆತಂದು ಮೆರೆದು, 2019ರಲ್ಲಿ ಗಂಟುಮೂಟೆ ಕಟ್ಟಿ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆಯಿತು. ಅದೇ ವರ್ಷ ಪುಣೆಯ ಟೀಮು ಬಾಗಿಲು ಹಾಕಿ, ಅದರ ಜಾಗದಲ್ಲಿ ಹೈದರಾಬಾದಿನದೊಂದು ಎದ್ದಿತು. ಅದು ಅಲ್ಲಿ ಒಮ್ಮೆ ಕಪ್ಪು ಗೆದ್ದು, ಸಾಲಸೋಲ ಕಂಡು, 2025ರಲ್ಲಿ ದೆಹಲಿಗೆ ಬಂದು ಹೆಸರು ಬದಲಿಸಿಕೊಂಡಿದೆ. ಕೇಂದ್ರ ಸರ್ಕಾರದ ನೌಕರರಿಗೂ ಇಷ್ಟು ಬೇಗ ಬೇಗ ವರ್ಗವಾಗುವುದಿಲ್ಲ.

‘ಅಂದರೆ ನಮ್ಮಂಥದ್ದೇ’ ಅಂದರು ದಾದಾ. ‘ಎಲ್ಲೋ ಹುಟ್ಟಿ, ಎಲ್ಲೋ ದುಡಿದು, ಇಲ್ಲಿ ಬಂದು ಅಡ್ರೆಸ್ ಪ್ರೂಫ್ ಮಾಡಿಸಿಕೊಂಡಿದೆ. ಹೋಗೋಣ ನಡೀರಿ, ಒಂದು ಮ್ಯಾಚ್ ನೋಡಿ ಬರೋಣ.’

‘ಬೆಂಗಳೂರಿನವರು ಆಡೋಕೆ ಬಂದರೆ ನಾನು ಎದುರು ಸ್ಟ್ಯಾಂಡಿನಲ್ಲೇ ಕೂರೋದು. ಈಗಲೇ ಹೇಳಿದ್ದೀನಿ’ ಅಂದೆ.

ದಾದಾ ಟೋಪಿಯ ಕಿವಿ ಸರಿಮಾಡಿಕೊಂಡು ಕೊಂಚ ಯೋಚಿಸಿದರು. ‘ನಿಮ್ಮ ಟೀಮಿನಲ್ಲಿ ಬಂಗಾಳಿ ಹುಡುಗ ಯಾರಾದರೂ ಇದ್ದಾನಾ ವಿಚಾರಿಸಿ. ಒಬ್ಬನಿದ್ದರೂ ಸಾಕು, ಅಲ್ಲೇ ನನಗೂ ಒಂದು ಸೀಟು ಹಿಡೀರಿ.’